ಓಟಕ್ಕೊಂದು ಕಣ ಬೇಕು

ಕೃಷ್ಣೆಯ ದಂಡೆಯ ಗಲಗಲಿಯಲ್ಲಾಗಲಿ, ಬೀಳಗಿ, ಜಮಖಂಡಿ, ಮುಧೋಳಗಳಲ್ಲಾಗಲಿ ಅರವತ್ತು ದಾಟಿದ ಹಿರಿಯರನ್ನು ಕೇಳಿ ನೋಡಿರಿ. ಊರಿಗೆ ಕಾರು ಬಂದರೆ ಅದೇ ಒಂದು ವಿಶೇಷವಾಗಿದ್ದ ದಿನಗಳನ್ನು ಅವರು ಬಣ್ಣಿಸಿ ಹೇಳುತ್ತಾರೆ. ಮದುವೆಯ ದಿಬ್ಬಣಕ್ಕೆಂದು ಬಾಡಿಗೆಗೆ ತಂದ ಅಂಬಾಸಡರಿನ ಹಿಂದೆ ಧೂಳೆಬ್ಬಿಸುತ್ತ ಓಡಿದ ಮಕ್ಕಳೇ ಇಂದಿನ ಅಜ್ಜಂದಿರು. ಗೇರಿನ ದಂಡ ಸ್ಟಿಯರಿಂಗ್ ಚಕ್ರದ ಬದಿಗೇ ಇರುತ್ತಿತ್ತು. ಮುಂದಿನ ಆಸನ ಒಂದೇ ಉದ್ದನೆಯ ಬೆಂಚು. ಬ್ಯಾಟರಿ ಸೋತರೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುವಿ ಎಂಜಿನ್ನನ್ನು ಎಬ್ಬಿಸಬೇಕು. ಏರಿನಲ್ಲಿ ರೇಡಿಯೇಟರ್ ಕುದಿದರೆ ಗಾಡಿ ನಿಲ್ಲಿಸಿ, ಆರಲು ಬಿಟ್ಟು, ನೀರು ಹೊಯ್ಯಬೇಕು. ಅವಸರವೆಂಬುದಕ್ಕೆ ಆ ಯಂತ್ರವೇ ಆಸ್ಪದ ಕೊಡುತ್ತಿರಲಿಲ್ಲ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ರೂಪುಗೊಂಡ ಅಂಬಾಸಡರ್ ೧೯೫೭ರಿಂದ ೨೦೧೪ರವರೆಗೆ ತಯಾರಾಯಿತು. ಅದರ ಜೊತೆಗಾರ ಫಿಯಾಟಿನ ಹಿಂದೆ ಕನ್ನಡಿಗರ ಕನಸೊಂದಿದೆ. ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆ ತೆರೆಯಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಬಹಳ ಶ್ರಮಿಸಿದರು. ಅಂದಿನ ಬ್ರಿಟಿಷ್ ಆಡಳಿತದ ಅಡ್ಡಿಯಿಂದ ಅದು ಕೈಗೂಡಲಿಲ್ಲ. ಅವರೊಡನೆ ಯತ್ನಿಸಿದ ಉದ್ಯಮಿ ವಾಲಚಂದ ಹಿರಾಚಂದರು ೧೯೪೪ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ನಮ್ಮ ಊರುಗಳಲ್ಲಿ ಓಡಾಡಿದ ಫಿಯಾಟ್, ಪದ್ಮಿನಿ ಕಾರುಗಳು ಅಲ್ಲಿಯವೇ.

ಇಂಥ ಸಂಸಾರಸ್ಥ ಕಾರುಗಳೂ ಪಂದ್ಯಕ್ಕಿಳಿದ ಕಾಲವೊಂದಿತ್ತು. ಮದ್ರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯೊಂದು ಉಳಿದಿತ್ತು. ೧೯೫೩ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ದಶಕಗಳ ಕಾಲ ಪಂದ್ಯಗಳನ್ನು ನಡೆಸಿತು. ಗೊಂಡಲ ರಾಜಮನೆತನದವರೂ ಬೆಂಗಳೂರಿನ ವಿಜಯ ಮಲ್ಯರೂ ವಿದೇಶದ ಭಾರಿ ಕಾರುಗಳನ್ನು ತಂದು ಅಲ್ಲಿ ಓಡಿಸಿದರು. ಅದೇ ಕಣದಲ್ಲಿ ಮಧ್ಯಮ ವರ್ಗದ ಉತ್ಸಾಹಿಗಳು ತಮ್ಮ ಫಿಯಾಟ್, ಹೆರಾಲ್ಡ್‌ಗಳನ್ನೇ ಹದಗೊಳಿಸಿ ಸ್ಪರ್ಧಿಸಿದರು. ಕೊಯಮತ್ತೂರಿನ ಎಸ್. ಕರಿವರ್ಧನರು ಮಾರುತಿ ೮೦೦ ಕಾರಿನ ಎಂಜಿನ್ ಬಳಸಿ ಒಬ್ಬರೇ ಕೂಡುವ ಅಗ್ಗದ ರೇಸ್ ಕಾರನ್ನು ನಿರ್ಮಿಸಿದರು. ೧೯೯೦ರಲ್ಲಿ ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟ್ಟೈಯಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಪಥ ಸಿದ್ಧವಾಯಿತು. ಅಲ್ಲಿ ಇಂಥ ಕಾರಿನಲ್ಲಿ ಓಟ ಕಲಿತ ನಾರಾಯಣ ಕಾರ್ತಿಕೇಯನ್ ೨೦೦೫ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು.

ಮದ್ರಾಸಿನ ಮಾತು ನಮಗೇಕೆ ಎನ್ನಬಹುದು. ಆದರೆ ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಕಾರ ಹುಣ್ಣಿಮೆಯಂದು ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತೇವೆ. ಗೆದ್ದ ಎತ್ತಿನ ಬಣ್ಣ ನೋಡಿ ಮಳೆ-ಬೆಳೆಯ ಭವಿಷ್ಯ ನುಡಿಯುತ್ತೇವೆ. ಜಾತ್ರೆಗಳಲ್ಲಿ ತೆರಬಂಡಿ ಸ್ಪರ್ಧೆ ನಡೆಯುತ್ತದೆ. ಗಾಲಿ ತಿರುಗದಂತೆ ಕಟ್ಟಿದ ಬಂಡಿಯನ್ನು ಜೋಡೆತ್ತು ಗೊತ್ತಾದ ಸಮಯದಲ್ಲಿ ಎಷ್ಟು ದೂರ ಎಳೆದೊಯ್ದವು ಎಂಬುದೇ ಅಲ್ಲಿಯ ಲೆಕ್ಕ. ಈಚೆಗೆ ಟ್ರ್ಯಾಕ್ಟರನ್ನು ಟ್ರೇಲರ್ ಸಹಿತ ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಯೂ ಸೇರಿಕೊಂಡಿದೆ. ಟ್ರೇಲರಿನ ಹಿಂಭಾಗ ಎಡಕ್ಕೆ ಹೊರಳಬೇಕಾದರೆ ಮೊದಲು ಚಕ್ರವನ್ನು ಬಲಕ್ಕೆ ತಿರುವಬೇಕು. ಕೈ ತುಸು ಹೆಚ್ಚಾದರೂ ಬಂಡಿ ಮಡಚಿಕೊಳ್ಳುತ್ತದೆ. ಅಲ್ಲಿ ಗೆಲ್ಲುವುದು ಪಳಗಿದ ಕೈ ಮತ್ತು ತಾಳ್ಮೆ.

ಕರಿ ಹರಿಯುವಲ್ಲಿಂದ ಶೋಲಾವರಂವರೆಗೆ ಇವೆಲ್ಲಕ್ಕೂ ಸಾಮಾನ್ಯವಾದ ಅಂಶವೊಂದಿದೆ. ಪ್ರತಿ ಓಟಕ್ಕೂ ಒಂದು ಕಣವಿದೆ, ಗೊತ್ತಾದ ದಿನವಿದೆ, ತೀರ್ಪು ಕೊಡುವ ಪಂಚರಿದ್ದಾರೆ. ಆ ಕಣಗಳಲ್ಲಿ ಅಪಾಯವೇ ಇರಲಿಲ್ಲವೆಂದಲ್ಲ. ಎತ್ತಿನ ಓಟಗಳನ್ನು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಡೆದಿತ್ತು. ಕರ್ನಾಟಕವೂ ಸೇರಿದಂತೆ ರಾಜ್ಯಗಳು ಮಾಡಿದ ತಿದ್ದುಪಡಿಗಳನ್ನು ೨೦೨೩ರಲ್ಲಿ ಎತ್ತಿಹಿಡಿದ ಮೇಲೆ, ಮೂಕಪ್ರಾಣಿಗೆ ಹಿಂಸೆಯಾಗದಂತೆ ನಿಯಮಗಳಿಗೆ ಒಳಪಟ್ಟು ನಡೆಯಬೇಕಾಗಿದೆ. ಕಣವಿದ್ದಲ್ಲಿ ನಿಯಮ ವಿಧಿಸಬಹುದು, ತಪ್ಪಿದ್ದರೆ ತಿದ್ದಬಹುದು.

ಕಣವಿಲ್ಲದ ಓಟವೇ ಇಂದಿನ ಭಯ. ರಸ್ತೆಗಳು ನುಣುಪಾಗಿವೆ, ವಾಹನಗಳು ಹಳೆಯ ಅಂಬಾಸಡರ್ ಕನಸಿನಲ್ಲೂ ಕಾಣದ ವೇಗವನ್ನು ಕ್ಷಣದಲ್ಲಿ ಮುಟ್ಟುತ್ತವೆ. ಮೀಸೆ ಮೂಡದ ಹುಡುಗರು ಸಂಜೆಯಾಗುತ್ತಲೇ ದಾರಿಯನ್ನೇ ಕಣ ಮಾಡಿಕೊಳ್ಳುತ್ತಾರೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಅದೇ ದಾರಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು, ಕೆಲವೊಮ್ಮೆ ಹಿಂದೆ ದೀಪವೂ ಇಲ್ಲದೆ, ಕತ್ತಲಲ್ಲಿ ತೆವಳುತ್ತಿರುತ್ತವೆ. ಹೊಲದಿಂದ ಮರಳುವ ತಾಯಂದಿರು ಅದೇ ದಾರಿಯ ಅಂಚಿನಲ್ಲಿ ನಡೆಯುತ್ತಿರುತ್ತಾರೆ. ಅವರಾರೂ ಈ ಪಂದ್ಯಕ್ಕೆ ಒಪ್ಪಿ ಬಂದವರಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸರಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ಪಂದ್ಯ ನಡೆಸುವುದು ೧೯೮೮ರ ಮೋಟಾರು ವಾಹನ ಕಾಯ್ದೆಯ ೧೮೯ನೆಯ ಕಲಮಿನಂತೆ ಅಪರಾಧ. ೨೦೧೯ರ ತಿದ್ದುಪಡಿಯಲ್ಲಿ ಸೇರಿದ ೧೯೯-ಎ ಕಲಮನ್ನಂತೂ ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಅಪ್ರಾಪ್ತ ವಯಸ್ಕ ಮಗ ವಾಹನ ಓಡಿಸಿ ತಪ್ಪೆಸಗಿದರೆ, ಅದು ತಮಗೆ ತಿಳಿಯದೆ ನಡೆಯಿತೆಂದೋ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದೋ ಸಿದ್ಧಪಡಿಸದ ಹೊರತು ಪಾಲಕರು ಅಥವಾ ಮಾಲೀಕರೇ ಹೊಣೆ. ಮೂರು ವರ್ಷಗಳವರೆಗೆ ಸೆರೆವಾಸ, ೨೫,೦೦೦ ರೂಪಾಯಿ ದಂಡ. ವಾಹನದ ನೋಂದಣಿ ೧೨ ತಿಂಗಳು ರದ್ದು. ಹುಡುಗನಿಗೆ ೨೫ ವರ್ಷ ತುಂಬುವವರೆಗೆ ಪರವಾನಿಗೆಯಿಲ್ಲ.

ಆದರೆ ದಂಡದ ಭಯವೊಂದರಿಂದಲೇ ಹರೆಯದ ಹುರುಪು ಅಡಗದು. ಶರಣರು ದುಡಿಮೆಯನ್ನು ಕಾಯಕವೆಂದು ಎತ್ತರಿಸಿದಾಗ ಅದಕ್ಕೆ ನೇಮದ ಕಟ್ಟನ್ನೂ ಹಾಕಿದರು. ಮಕ್ಕಳ ಉತ್ಸಾಹಕ್ಕೂ ಅಂಥದೊಂದು ಕಟ್ಟು ಬೇಕು. ಯಂತ್ರದ ಹುಚ್ಚಿರುವ ಮಗನನ್ನು ರಜೆಯಲ್ಲಿ ಒಳ್ಳೆಯ ಗ್ಯಾರೇಜಿಗೆ ಕಳಿಸಿ, ಬ್ರೇಕು ಹೇಗೆ ಹಿಡಿಯುತ್ತದೆಂದು ನೋಡಿ ಬರಲಿ. ಶ್ರೀರಂಗಪಟ್ಟಣದ ಬಳಿ ೨೦೨೩ರಲ್ಲಿ ಆರಂಭವಾದ, ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ 'ಪಯಣ' ಕಾರು ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಕರೆದೊಯ್ಯಿರಿ. ನಿಜವಾದ ಪ್ರತಿಭೆಯಿದ್ದರೆ ಚೆನ್ನೈ, ಕೊಯಮತ್ತೂರಿನ ಪಥಗಳಿವೆ. ಅಲ್ಲಿ ಶಿರಸ್ತ್ರಾಣ, ತರಬೇತಿ, ಪರವಾನಿಗೆ, ವೈದ್ಯರು ಎಲ್ಲ ಇರುತ್ತಾರೆ. ಜಾತ್ರಾ ಸಮಿತಿಯವರು ಟ್ರ್ಯಾಕ್ಟರ್ ಸ್ಪರ್ಧೆಗಳಿಗೆ ಬೇಲಿ ಕಟ್ಟಿದ ಬಯಲನ್ನೂ, ವಯಸ್ಸು ಪರೀಕ್ಷಿಸುವ ಹಿರಿಯರನ್ನೂ ಏರ್ಪಡಿಸಲಿ.

ಕಾರಿನ ಕೀಲಿಕೈ ಮನೆಯ ತಿಜೋರಿಯ ಕೀಲಿಕೈಗಿಂತ ಭಾರವಾದುದು. ತಿಜೋರಿ ತೆರೆದರೆ ಹಣ ಹೋದೀತು, ದುಡಿದು ತರಬಹುದು. ಇಂದು ಸಂಜೆ ಆ ಕೀಲಿಕೈ ಯಾರ ಕೈಯಲ್ಲಿದೆಯೆಂದು ಪ್ರತಿಯೊಬ್ಬ ತಂದೆತಾಯಿಯೂ ಒಮ್ಮೆ ನೋಡಿಕೊಳ್ಳಲಿ.