ಐದನೇ ತಿಂಗಳ ಸ್ಕ್ಯಾನಿಂಗ್: ಗಂಡನನ್ನು ಹೊರಗಿಡಲು ಕಾನೂನು ಹೇಳಿಲ್ಲ



ಗರ್ಭಕ್ಕೆ 18ರಿಂದ 20 ವಾರ ತುಂಬುವ ಹೊತ್ತಿಗೆ ಮಾಡುವ ಸ್ಕ್ಯಾನಿಂಗ್ ಮುಖ್ಯವಾಗಿ ಕೂಸಿನ ಅಂಗಾಂಗ ನೋಡುವುದಕ್ಕೆ. ಡಾಕ್ಟರ ಚೀಟಿಯಲ್ಲಿ ಅದು ‘ಅನಾಮಲಿ ಸ್ಕ್ಯಾನ್’, ಜನರ ಬಾಯಲ್ಲಿ ‘ಐದನೇ ತಿಂಗಳ ಸ್ಕ್ಯಾನಿಂಗ್’. ಮಿದುಳು, ಬೆನ್ನುಹುರಿ, ತುಟಿ, ಹೃದಯದ ನಾಲ್ಕು ಕೋಣೆ, ಮೂತ್ರಪಿಂಡ, ಕೈಕಾಲುಗಳನ್ನು ಒಂದೊಂದಾಗಿ ನೋಡುತ್ತಾರೆ. ತಲೆಯ ಸುತ್ತಳತೆ, ತೊಡೆಮೂಳೆಯ ಉದ್ದ ಅಳೆಯುತ್ತಾರೆ. ಮಾಸು ಎಲ್ಲಿ ಕೂತಿದೆ, ನೀರು ಎಷ್ಟಿದೆ ಎಂಬುದೂ ಗೊತ್ತಾಗುತ್ತದೆ. ಎಲ್ಲ ದೋಷವೂ ಇದರಲ್ಲಿ ಸಿಗುವುದಿಲ್ಲ. ಹೃದಯದ ಕೆಲವು ತೊಂದರೆಗಳು ಹೆರಿಗೆಯ ನಂತರವೇ ತಿಳಿಯುವುದುಂಟು.

ಇಷ್ಟು ಮಹತ್ವದ ತಪಾಸಣೆ ಎಷ್ಟೋ ಕಡೆ ಮಾತೇ ಇಲ್ಲದೆ ಮುಗಿದುಹೋಗುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಗದಗಕ್ಕೆ ಬಂದ ದಂಪತಿಯಲ್ಲಿ ಒಳಗೆ ಕರೆಯುವುದು ಬಸುರಿಯನ್ನು ಮಾತ್ರ. ಗಂಡ ತಾಯಿ ಕಾರ್ಡ್ ಹಿಡಿದು ಬಾಗಿಲ ಹೊರಗೆ ನಿಲ್ಲುತ್ತಾನೆ. ಒಳಗೆ ಹೊಟ್ಟೆಗೆ ತಣ್ಣನೆಯ ಜೆಲ್ ಸವರುತ್ತಾರೆ, ಪರದೆ ಡಾಕ್ಟರ ಕಡೆಗೇ ತಿರುಗಿರುತ್ತದೆ. ‘ಕೂಸು ಹೆಂಗೈತ್ರಿ?’ ಎಂದರೆ ‘ರಿಪೋರ್ಟಿನೊಳಗ ಬರ್ತದ’ ಎಂಬ ಉತ್ತರ. ಆ ರಿಪೋರ್ಟ್ ಇಂಗ್ಲಿಷಿನಲ್ಲಿರುತ್ತದೆ. ಏಕೆ ಹೀಗೆ ಎಂದು ಕೇಳಿದರೆ ಕಾನೂನಿನ ಕಡೆಗೆ ಬೆರಳು ತೋರಿಸಲಾಗುತ್ತದೆ.

ಕಾನೂನು ಹೇಳುವುದು ಬೇರೆ. ಪ್ರಸವಪೂರ್ವ ಲಿಂಗಪತ್ತೆ ತಡೆಯುವ 1994ರ ಕಾಯ್ದೆ ಕೂಸು ಗಂಡೋ ಹೆಣ್ಣೋ ಎಂಬುದನ್ನು ಮಾತಿನಿಂದಾಗಲಿ, ಸನ್ನೆಯಿಂದಾಗಲಿ ತಿಳಿಸುವುದನ್ನು ನಿಷೇಧಿಸುತ್ತದೆ. ಲಿಂಗ ತಿಳಿಯಲು ಇಚ್ಛಿಸುವುದಿಲ್ಲ ಎಂದು ಬಸುರಿಯಿಂದ ಬರೆಸಿಕೊಳ್ಳುವ ‘ಫಾರಂ ಎಫ್’ ಕೂಡ ಅದಕ್ಕಾಗಿಯೇ ಇದೆ. ಮೊದಲ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ. ಈ ಬಿಗಿ ಬೇಕೇ ಬೇಕು: 2023ರ ಕೊನೆಗೆ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಲಿಂಗಪತ್ತೆ ನಡೆಯುತ್ತಿದ್ದುದು ಬಯಲಿಗೆ ಬಂದದ್ದು ಯಾರೂ ಮರೆಯುವಂಥದ್ದಲ್ಲ. ಆದರೆ ಗಂಡನೋ ತಾಯಿಯೋ ಪಕ್ಕದಲ್ಲಿ ನಿಲ್ಲಬಾರದು, ಹೃದಯದ ಬಡಿತ ತೋರಿಸಬಾರದು, ಕಂಡದ್ದನ್ನು ಕನ್ನಡದಲ್ಲಿ ಬಿಡಿಸಿ ಹೇಳಬಾರದು ಎಂದು ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ. ಪ್ರತಿ ಕೇಂದ್ರದಲ್ಲಿ ಕಾಯ್ದೆಯ ಪ್ರತಿ ಇರಬೇಕು, ಕೇಳಿದವರಿಗೆ ತೋರಿಸಬೇಕು ಎಂಬ ನಿಯಮವಂತೂ ಇದೆ.

ಮೌನದ ಬೆಲೆ ದೊಡ್ಡದು. ಮಾಸು ಕೆಳಗಿದೆ ಎಂದು ರಿಪೋರ್ಟ್ ಹೇಳಿದರೆ, ಬಹಳಷ್ಟು ಸಲ ಗರ್ಭಕೋಶ ಬೆಳೆದಂತೆ ಅದು ಮೇಲಕ್ಕೆ ಸರಿಯುತ್ತದೆ. ಸರಿಯದಿದ್ದರೆ ರಕ್ತಸ್ರಾವದ ಅಪಾಯ. ಸುಮಾರು 32ನೇ ವಾರಕ್ಕೆ ಮತ್ತೆ ನೋಡಿಸಬೇಕು, ರಕ್ತ ಕಂಡರೆ ಕ್ಷಣವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮುಂಡರಗಿಯ ಆಚೆಯ ಹಳ್ಳಿಯಲ್ಲಿ ನಡುರಾತ್ರಿ ಗಾಡಿ ಹುಡುಕಬೇಕಾದ ಗಂಡನಿಗೇ ಈ ಮಾತು ಗೊತ್ತಿಲ್ಲದಿದ್ದರೆ ಗತಿ ಏನು? ಗಂಭೀರ ದೋಷ ಕಂಡಾಗಲಂತೂ ದಿನಗಳ ಲೆಕ್ಕ ಶುರುವಾಗುತ್ತದೆ. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ 20ರಿಂದ 24 ವಾರದೊಳಗೆ ಗರ್ಭ ತೆಗೆಸಲು ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 24 ದಾಟಿದರೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಒಪ್ಪಿಗೆ ಹೆಂಗಸಿನದೇ, ಗಂಡನ ಸಹಿ ಕಾನೂನು ಕೇಳುವುದಿಲ್ಲ. ಆದರೂ ಅಂಥ ಸುದ್ದಿಯನ್ನು ಅವಳೊಬ್ಬಳೇ ಹೊತ್ತು ಹೊರಬರಬೇಕಾಗಿರುವುದು ಅನ್ಯಾಯ.

ಈ ಭಾಗದಲ್ಲಿ ಇನ್ನೊಂದು ತೊಡಕಿದೆ. ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ತಾಂಡಾಗಳಿಂದ ಗೋವಾ, ಮಂಗಳೂರು ಕಡೆಗೆ ದುಡಿಯಲು ಹೋದವರು ಚೊಚ್ಚಲ ಹೆರಿಗೆಗೆ ತವರಿಗೆ ಬರುವಷ್ಟರಲ್ಲಿ ಏಳು ತಿಂಗಳಾಗಿರುತ್ತದೆ. ಕುಬಸ ಮುಗಿಯಲಿ, ಆಮೇಲೆ ನೋಡಿಸಿದರಾಯಿತು ಎನ್ನುವ ಮನೆಗಳೂ ಇವೆ. ಅಷ್ಟರಲ್ಲಿ ಈ ಸ್ಕ್ಯಾನಿಂಗಿನ ಸಮಯ ಕಳೆದಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಸ್ಕ್ಯಾನಿಂಗ್ ಉಚಿತವೆಂದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಿಂದಲೇ ಹೇಳುತ್ತಿದೆ. 2016ರಿಂದ ಪ್ರತಿ ತಿಂಗಳ 9ರಂದು ಮಾತೃತ್ವ ಅಭಿಯಾನದ ತಪಾಸಣೆಯೂ ಇದೆ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸುವ ದಿನವೇ 18ನೇ ವಾರದ ತಾರೀಖನ್ನು ಅದರ ಮೇಲೆ ಬರೆದು, ದಂಪತಿ ಎಲ್ಲಿದ್ದರೂ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಿ ಎಂದು ಇಬ್ಬರಿಗೂ ಹೇಳಬೇಕು.

ಲಿಂಗಪತ್ತೆ ತಡೆ ಕಾಯ್ದೆಯನ್ನು ಜಾರಿಗೊಳಿಸುವ ಜಿಲ್ಲೆಯ ಸಕ್ಷಮ ಪ್ರಾಧಿಕಾರ ಮಾಡಬೇಕಾದದ್ದು ದುಬಾರಿಯ ಕೆಲಸವಲ್ಲ. ‘ಇಲ್ಲಿ ಲಿಂಗಪತ್ತೆ ಮಾಡುವುದಿಲ್ಲ’ ಎಂಬ ಫಲಕ ಪ್ರತಿ ಕೇಂದ್ರದಲ್ಲಿ ಈಗಾಗಲೇ ಇದೆ. ಬಸುರಿ ಬಯಸಿದರೆ ಒಬ್ಬರು ಜೊತೆಗಿರಬಹುದು, ರಿಪೋರ್ಟನ್ನು ಕನ್ನಡದಲ್ಲಿ ವಿವರಿಸಲಾಗುವುದು ಎಂಬ ಇನ್ನೊಂದು ಸಾಲನ್ನು ಅದರ ಕೆಳಗೆ ಬರೆಸಲಿ. ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿಂದಲೇ ಇದು ಆರಂಭವಾಗಲಿ.

ಒಬ್ಬ ಓದುಗ, ಬೆಟಗೇರಿ