ಚಿತ್ರ ಬೇಡ, ಅಕ್ಷರ ಕೊಡಿ

ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ಐರೋಲಿಯ ಐಟಿ ಕಚೇರಿಗೆ ಹೋಗುವವರು ಠಾಣೆಯಲ್ಲಿ ಗಾಡಿ ಬದಲಿಸಲೇಬೇಕು. ಆದರೆ ಟರ್ಮಿನಲ್‌ನಲ್ಲಿ ಆಜ್ಞೆ ಓಡಿಸಿ, ಬಂದ ಉತ್ತರವನ್ನು ಮೌಸಿನಿಂದ ಎಳೆದು ಎಡಿಟರಿಗೆ ಅಂಟಿಸುವ ಕಸರತ್ತು ಯಾಕೆ? ಇನ್ನೂ ಕೆಟ್ಟದ್ದು, ಅದರ ಸ್ಕ್ರೀನ್‌ಶಾಟ್ ತೆಗೆದು ಕಳಿಸುವುದು. ರಾತ್ರಿ ಪಾಳಿಗೆ ಬಂದವರು ಆ ಚಿತ್ರದೊಳಗೆ ದೋಷದ ಸಾಲನ್ನು ಹುಡುಕುವುದು ಹೇಗೆ? ಪರದೆಯಿಂದ ಮೇಲೆ ಜಾರಿಹೋದ ಸಾಲುಗಳನ್ನು ಯಾರಲ್ಲಿ ಕೇಳಬೇಕು?

ವಿಮ್‌ನಲ್ಲಿ ಕೋಲನ್, ಆರ್, ಒಂದು ಖಾಲಿ ಜಾಗ, ಆಶ್ಚರ್ಯಸೂಚಕ ಚಿಹ್ನೆ, ಆಮೇಲೆ ಆಜ್ಞೆ. ಉತ್ತರವೆಲ್ಲ ಕರ್ಸರಿನ ಕೆಳಗೇ ಬಂದು ಕೂರುತ್ತದೆ. ಎಪ್ಪತ್ತರ ದಶಕದಲ್ಲಿ ಬಿಲ್ ಜಾಯ್ ಬರೆದ ವಿಐ ಎಡಿಟರಿನ ಬಳುವಳಿ ಇದು. ಇಮ್ಯಾಕ್ಸ್‌ನಲ್ಲಿ ಕಂಟ್ರೋಲ್-ಯು, ನಂತರ ಮೆಟಾ ಜೊತೆ ಅದೇ ಚಿಹ್ನೆ. (ಓಡಿಸಿದ ಆಜ್ಞೆಯನ್ನೂ ಮೇಲೊಂದು ಸಾಲಿನಲ್ಲಿ ಬರೆದಿಡಬೇಕು, ಅದು ತಾನಾಗಿ ಬರುವುದಿಲ್ಲ.)

ಎರಡೂ ಬೇರೆ ಬೇರೆಯೇ ಇರಲಿ ಎನ್ನುವವರ ಮಾತಿನಲ್ಲಿ ಒಂದು ಹುರುಳಿದೆ. ಎಡಿಟರಿನ ಅನ್‌ಡೂ ಹೊಸ ಸಾಲುಗಳನ್ನು ತೆಗೆದೀತು, ಆಜ್ಞೆ ಅಳಿಸಿಹಾಕಿದ ಕಡತವನ್ನು ಮರಳಿ ತರಲಾರದು. ಸರಿ, ಅಳಿಸುವ ಆಜ್ಞೆಗಳನ್ನು ಅಲ್ಲಿ ಓಡಿಸುವುದು ಬೇಡ. ಲಾಗ್ ಓದಲು, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆಯೆಂದು ಕೇಳಲು ಭಯವೇನು?

ಕನ್ನಡದ ಕಡತಗಳಿದ್ದರಂತೂ ಟರ್ಮಿನಲ್ ಹಟ ಇನ್ನಷ್ಟು ದುಬಾರಿ. ಅದರ ಸಮ ಅಗಲದ ಚೌಕಗಳಲ್ಲಿ ‘ಸ್ತ್ರೀ’ಯಂಥ ಪದ ಅನೇಕ ಕಡೆ ಒಡೆದುಹೋಗುತ್ತದೆ. ಟರ್ಮಿನಲ್‌ನೊಳಗೇ ತೆರೆದ ವಿಮ್‌ಗೂ ಇದೇ ಪಾಡು. 2020ರ ಇಮ್ಯಾಕ್ಸ್ 27 ಅಕ್ಷರ ಜೋಡಿಸಲು ಹಾರ್ಫ್‌ಬಜ್ ಬಳಸುತ್ತದೆ. ಅದರ ಸ್ವಂತ ಕಿಟಕಿಯಲ್ಲಿ ಒತ್ತಕ್ಷರಗಳು ತಮ್ಮ ಜಾಗದಲ್ಲಿರುತ್ತವೆ.