ತೋಟ ಮಾರಿ ಸೈಟು ಕೊಳ್ಳುವ ಮುನ್ನ



ಮಗನಿಗೆ ಜಯನಗರದ ಕಡೆ ಒಂದು ಸೈಟು ಆಗಲೆಂದು ತೋಟದ ಒಂದು ಮಗ್ಗುಲನ್ನು ಮಾರಲು ಹೊರಟವರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥವರು ಆ ಬಡಾವಣೆಗಳ ಪೂರ್ವೋತ್ತರವನ್ನು ಒಮ್ಮೆ ತಿಳಿಯುವುದು ಒಳಿತು.

1948ರಲ್ಲಿ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಮೊದಲು ನಗರ ಸುಧಾರಣಾ ಟ್ರಸ್ಟ್ ಬೋರ್ಡು, 1976ರಿಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಡಾವಣೆಗಳನ್ನು ಬೆಳೆಸಿದವು. ಅಗಲ ರಸ್ತೆ, ಉದ್ಯಾನ, ಸಾಲುಮರ, ಎಲ್ಲವೂ ಚೆಂದವೇ. ಆದರೆ ಅದು ಬರಡು ನೆಲವಾಗಿರಲಿಲ್ಲ. ಯಡಿಯೂರು, ಸಾರಕ್ಕಿ, ಕತ್ರಿಗುಪ್ಪೆಗಳು ರೈತರ ಊರುಗಳು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರು ಇಂದು ‘ಬಿಟಿಎಂ’ ಎಂಬ ಮೂರಕ್ಷರದೊಳಗೆ ಅಡಗಿವೆ. ಭೂಮಿ ಬಿಟ್ಟವನಿಗೆ ಸಿಕ್ಕಿದ್ದು ಒಂದು ಸಲದ ಪರಿಹಾರ. ಆಮೇಲೆ ಏರಿದ ಬೆಲೆ ಸೈಟು ಹಿಡಿದವನದು.

ನೀರಿನ ಕಥೆಯೂ ಅಷ್ಟೇ. ಸಾರಕ್ಕಿ ಕೆರೆಯ ಒತ್ತುವರಿ ತೆರವಿಗೆ 2015ರಲ್ಲಿ ಜೆಸಿಬಿಗಳೇ ಬರಬೇಕಾಯಿತು. 1974ರಿಂದ ಬೆಂಗಳೂರು ಕುಡಿಯುತ್ತಿರುವ ಕಾವೇರಿ ಹುಟ್ಟುವುದು ಕೊಡಗಿನಲ್ಲಿ. ಅದನ್ನು ಸೇರುವ ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯಲ್ಲಿ. ನಮ್ಮ ನೆರಳು ಮರ ಉರುಳಿ ಗುಡ್ಡ ಬೋಳಾದರೆ ನಗರದ ನಲ್ಲಿಗೂ ಅದರ ಬಿಸಿ ತಟ್ಟದೆ ಇರದು.

ಸೈಟು ಬೇಡವೆಂದು ನಾವು ಹೇಳುತ್ತಿಲ್ಲ. ಫಸಲಿನ ಉಳಿತಾಯದಿಂದ ಕೊಳ್ಳಿರಿ, ಫಸಲು ಕೊಡುವ ನೆಲವನ್ನು ಮಾರಿ ಬೇಡ. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಕ್ರಯಪತ್ರಕ್ಕೆ ಸಹಿ ಹಾಕಲು ಐದು ನಿಮಿಷ ಸಾಕು. ಮಾರಲೇಬೇಕಾದ ಸಂಕಟ ಬಂದರೆ ಮೊದಲು ಪಕ್ಕದ ಬೆಳೆಗಾರನನ್ನು ಕೇಳಿರಿ. ತೋಟವಾದರೂ ತೋಟವಾಗಿ ಉಳಿದೀತು.